ದ್ರಾಕ್ಷಿಗೆ ಖಾರ ಹಾಕುವವರ ಮನೆಯಲ್ಲಿ

ಮುಂಬೈಗೆ ಬಂದ ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ, ನಾನು ವಿಜಯಪುರದಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ ದ್ರಾಕ್ಷಿ ನನ್ನ ತಾಟಿನಲ್ಲಿ ಖಾರದ ರಸದೊಳಗೆ ಬೆಂದು ಬಿದ್ದಿತ್ತು. ಮೇಲೆ ಸಾಸಿವೆ, ಕರಿಬೇವಿನ ಒಗ್ಗರಣೆ. ಪಕ್ಕದಲ್ಲಿ ಅನ್ನ.

ರೈಲಿನಲ್ಲಿ ಆ ಡಬ್ಬಿಯನ್ನು ಸೀಟಿನ ಕೆಳಗೂ ಇಟ್ಟಿರಲಿಲ್ಲ, ಜಜ್ಜಿ ಹೋದೀತು ಎಂದು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದು. ಅದರಲ್ಲೂ ನಾನು ನಾಲ್ಕು ದಿನ ಇದ್ದು ಹೋಗಲು ಬಂದವಳಲ್ಲ, ಇರಲೆಂದೇ ಬಂದವಳು. ಅಂಥ ಹಣ್ಣನ್ನು ಈ ಹೆಂಗಸು ಬೇಯಿಸಿ ಹಾಕಿದ್ದಾಳೆಂದರೆ ಅದು ಕೆಟ್ಟಿತ್ತು ಎಂದು ತಾನೇ ಅರ್ಥ? ಕೆಟ್ಟ ಟೊಮೆಟೊವನ್ನು ನಾವು ಸಾರಿಗೆ ಹಾಕುವುದಿಲ್ಲವೇ, ಹಾಗೆ.

"ಹಣ್ಣ ಕೆಟ್ಟಿದ್ವೇನ್ರೀ?" ಎಂದು ಕೇಳಿದೆ.

"ಅಯ್ಯೋ, ಇಲ್ಲ ಮಾರಾಯ್ರೆ. ಒಳ್ಳೆದಿತ್ತು, ಅದಕ್ಕೇ ಮೆಣಸ್ಕಾಯಿ ಗೊಜ್ಜು ಮಾಡಿದ್ದು," ಎಂದಳು ನನ್ನ ಬೀಗತಿ ವನಜಕ್ಕ. "ನಮ್ಮಲ್ಲಿ ಅನಾನಸಿನದ್ದು, ಮಾವಿನಹಣ್ಣಿನದ್ದು ಎಲ್ಲ ಮಾಡ್ತೇವೆ. ತಿಂದು ನೋಡಿ ಗೌರವ್ವನವರೇ."

ನನ್ನ ಮಗಳು ಮಂಜುಳಾ ತಲೆ ಎತ್ತದೆ ಉಣ್ಣುತ್ತಿದ್ದಳು. ಎರಡನೆಯ ಸಲ ಹಾಕಿಸಿಕೊಂಡಳು. ಹುಡುಗಿಯಾಗಿದ್ದಾಗ ನನ್ನ ಕೈಯಡುಗೆ ಬಿಟ್ಟು ಬೇರೆಯವರ ಮನೆಯಲ್ಲಿ ನೀರೂ ಕುಡಿಯದವಳು. ನಾನು ದ್ರಾಕ್ಷಿಯನ್ನು ತಾಟಿನ ಅಂಚಿಗೆ ಸರಿಸಿ ಬರೀ ಅನ್ನ ಉಂಡೆ. ಖಾರಕ್ಕೆ ಹೆದರಿ ಅಲ್ಲ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಬರೆಯುವುದು ನನ್ನ ಕೆಲಸವಲ್ಲ. ರೊಟ್ಟಿ ಬಡಿಯುವುದು ನನ್ನ ಕೆಲಸ. ವಿಜಯಪುರದಲ್ಲಿ ನಾನೂ ನನ್ನ ಗಂಡನೂ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ನಡೆಸುತ್ತಿದ್ದೆವು. ಕೋರ್ಟಿನ ಗುಮಾಸ್ತರು, ಮಾಸ್ತರರು, ಮದುವೆಯಾಗದ ಕಂಡಕ್ಟರುಗಳು ಬಂದು ಸಾಲಾಗಿ ಕೂತು ಉಣ್ಣುತ್ತಿದ್ದರು. ಎಣ್ಣೆಗಾಯಿ ಹೇಗಿದೆ ಎಂದು ನಾನು ಯಾರನ್ನೂ ಕೇಳಿದವಳಲ್ಲ. ಅವರೇ ಹೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಸ್ವಲ್ಪ ಕಾಲ ನಡೆಸಿದೆ. ಮೊಣಕಾಲು ಕೈಕೊಟ್ಟಿತು. ಮನೆಯ ಮಾಲಕರಿಗೆ ಕೀಲಿ ಕೊಟ್ಟು ಮಗಳ ಮನೆಗೆ ಬಂದೆ. ನನಗಿರುವುದು ಒಬ್ಬಳೇ ಮಗಳು. ಅವಳ ಮನೆಯೆಂದರೆ ಅವಳ ಅತ್ತೆಯ ಮನೆ. ನಮ್ಮ ಕಡೆ ಬೀಗರ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಉಳಿದರೆ ಓಣಿಯ ಹೆಂಗಸರು ಕೆಮ್ಮುತ್ತಾರೆ. ಇಲ್ಲಿ ಕೆಮ್ಮಲು ಯಾರಿಗೂ ಪುರಸೊತ್ತಿಲ್ಲ. ಅದೊಂದು ಅನುಕೂಲ.

ಮನೆ ಇರುವುದು ಸಯನ್‌ನಲ್ಲಿ, ಬಿಲ್ಡಿಂಗ್‌ನ ಮೂರನೆಯ ಮಾಳಿಗೆ. ಒಂದು ಹಾಲ್, ಒಂದು ಮಲಗುವ ಕೋಣೆ, ಒಂದು ಅಡುಗೆಮನೆ. ಹಾಲ್‌ನಲ್ಲಿ ನಾನೂ ವನಜಕ್ಕನೂ ಮಲಗುತ್ತೇವೆ. ಅವಳದು ಸೋಫಾ, ನನ್ನದು ನೆಲ. ಸೋಫಾದ ಮೇಲೆ ನನಗೆ ನಿದ್ದೆ ಬರುವುದಿಲ್ಲ ಎಂದು ನಾನೇ ಹೇಳಿದ್ದು, ಆದರೂ ನೆಲದಿಂದ ಮೇಲೆ ನೋಡುವಾಗ ಹೊಟ್ಟೆ ಉರಿಯುತ್ತದೆ. ಅವಳು ಉಡುಪಿ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದವಳು ಇಲ್ಲೇ ಮುದುಕಿಯಾದಳು. ಅವಳ ಗಂಡ ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರಂತೆ. ಅವರೂ ಇಲ್ಲ ಈಗ. ಅವಳಿಗೆ ಮರಾಠಿ ಬರುತ್ತದೆ, ಹಿಂದಿ ಬರುತ್ತದೆ, ಎದುರು ಮನೆಯ ಗುಜರಾತಿಯವರ ಜೊತೆ ಅವರ ಮಾತೂ ಆಡುತ್ತಾಳೆ. ನನಗೆ ಮರಾಠಿ ತಿಳಿಯುತ್ತದೆ, ವಿಜಯಪುರದವರಿಗೆ ಅದೇನು ದೊಡ್ಡದಲ್ಲ. ಆಡಲು ಹೋದರೆ ಕಾಯಿಪಲ್ಲೆಯವನು "ಆಜಿ, ಸೋಲಾಪುರ್ ಕಾ?", ಅಜ್ಜಿ ಸೋಲಾಪುರದವಳೇ ಎಂದು ನಗುತ್ತಾನೆ.

ಅಲ್ಲಿ ಅಡುಗೆ ಕೂತು ಮಾಡುವುದು, ಇಲ್ಲಿ ನಿಂತು. ಕಲ್ಲಿನ ಕಟ್ಟೆಗೆ ಇಲ್ಲಿ ಓಟಾ ಎನ್ನುತ್ತಾರೆ. ಅದು ವನಜಕ್ಕನ ಸೊಂಟದ ಎತ್ತರಕ್ಕೆ ಸರಿಯಾಗಿದೆ. ನಾನು ಗಿಡ್ಡ. ಅದರ ಮೇಲೆ ರೊಟ್ಟಿ ಬಡಿಯಲು ಕೈ ಎತ್ತಿದರೆ ಹೆಗಲು ನೋಯುತ್ತದೆ. ಅದಕ್ಕೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಮರದ ಕೊಣಮಿಗೆಯನ್ನು ನೆಲದ ಮೇಲೆ ಇಟ್ಟುಕೊಂಡು ಬಡಿದೆ. ಕೆಳಗಿನ ಮನೆಯವಳು ಮೆಟ್ಟಿಲು ಹತ್ತಿ ಬಂದಳು.

"ಆಂಟೀ, ಕ್ಯಾ ತೋಡ್ ರಹೇ ಹೋ?" ಏನು ಒಡೆಯುತ್ತಿದ್ದೀರಿ ಎಂದು.

ವನಜಕ್ಕ ಅವಳನ್ನು ಒಳಗೆ ಕರೆದು ಒಂದು ಬಿಸಿ ರೊಟ್ಟಿಗೆ ತುಪ್ಪ ಹಚ್ಚಿ ಕೊಟ್ಟಳು. ಅವಳು ತಿಂದು, "ವನಜಾ ಆಂಟಿ, ಭಾಕರಿ ಮಸ್ತ್," ಎಂದು ಹೋದಳು. ಬಡಿದವಳು ನಾನು. ಕೆಳಗೆ ಕೂತಿದ್ದೆ, ಅವಳ ಕಣ್ಣಿಗೆ ಬೀಳಲಿಲ್ಲವೋ ಏನೋ.

ತಿನ್ನುವುದರಲ್ಲಿ ಈ ಊರಿಗೆ ಹೇಸಿಗೆಯಿಲ್ಲ ಎಂದು ನನಗೆ ಮೊದಲು ಅನಿಸಿತ್ತು. ಪೇರಲ ಹಣ್ಣಿಗೆ ಖಾರದಪುಡಿ, ಸರಿ, ಅದು ನಮ್ಮಲ್ಲೂ ಇದೆ. ಇಲ್ಲಿ ಪೇರಲದ ಐಸ್‌ಕ್ರೀಮಿಗೂ ಖಾರದಪುಡಿ ಉದುರಿಸುತ್ತಾರೆ. ಎದುರು ಮನೆಯವರು ರವಿವಾರ ಬೆಳಿಗ್ಗೆ ಕಡಲೆಹಿಟ್ಟಿನ ಗರಿಗರಿ ಫಾಫಡಾದ ಜೊತೆ ಬಿಸಿ ಜಿಲೇಬಿ ಕಚ್ಚುತ್ತಾರೆ, ನಡುವೆ ಒಂದು ಹಸಿಮೆಣಸಿನಕಾಯಿ. ನನ್ನ ಅಳಿಯ ಚಹಾದೊಳಗೆ ಚಿವಡಾ ಹಾಕಿ ಚಮಚದಿಂದ ತಿನ್ನುತ್ತಾನೆ. ವನಜಕ್ಕ ಕಲ್ಲಂಗಡಿಯ ಸಿಪ್ಪೆಯ ಒಳಗಿನ ಬಿಳಿಯನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ ಹೊಯ್ಯುತ್ತಾಳೆ. ನಾವು ಅದನ್ನು ಎಮ್ಮೆಗೆ ಹಾಕುತ್ತಿದ್ದೆವು. ಹಾಗೆಂದು ಹೇಳಿದೆ ಕೂಡ.

"ಎಮ್ಮೆಗೆ ಬುದ್ಧಿ ಉಂಟು ಹಾಗಾದ್ರೆ," ಎಂದಳು.

ಅವಳ ಸರದಿಯೂ ಬಂತು. ಹುಣ್ಣಿಮೆಗೆ ಹೋಳಿಗೆ ಮಾಡಿದೆ. ಬೇಳೆ ಬೇಯಿಸಿದ ಕಟ್ಟಿನಿಂದ ಮಸಾಲೆ ಹಾಕಿ ಖಾರವಾಗಿ ಕಟ್ಟಿನ ಸಾರು ಕುದಿಸಿದೆ. ಹೋಳಿಗೆಯನ್ನು ಮುರಿದು ಆ ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಾಗ ವನಜಕ್ಕ ಸಂಕಟದಿಂದ ನೋಡಿದಳು.

"ಅದೆಂತ ಮಾಡ್ತೀರಿ ನೀವು? ಸಿಹಿಯನ್ನು ಸಾರಿಗೆ ಅದ್ದುದಾ?"

"ನೀವು ಹಣ್ಣ ಕುದಸ್ತೀರಿ. ನಾ ಹೋಳಿಗಿ ತೋಯಿಸ್ತೀನಿ. ಸುಮ್ನ ಉಣ್ರಿ."

ಉಂಡಳು. ಮರುದಿನ ಸಾರು ಉಳಿದಿದೆಯೇ ಎಂದು ಪಾತ್ರೆಯ ಮುಚ್ಚಳ ಎತ್ತಿ ನೋಡಿದಳು. ಆ ದಿನ ನನಗೆ ಚೆನ್ನಾಗಿ ನಿದ್ದೆ ಬಂತು.

ಆದರೆ ಒಂದೆರಡು ಗೆಲುವಿನಿಂದ ಏನಾಗುತ್ತದೆ. ಮಗಳು ಬೆಳಿಗ್ಗೆ ಲೋಕಲ್ ಹಿಡಿದು ಪರೇಲ್‌ನ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಬಂದವಳು ಚಪ್ಪಲಿ ಬಿಡುತ್ತಲೇ "ಅತ್ತೆ, ತಿನ್ಲಿಕ್ಕೆ ಏನಾದ್ರೂ ಉಂಟಾ?" ಎನ್ನುತ್ತಾಳೆ. ಉಂಟಾ ಎಂದು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು 'ಐತಿ' ಎನ್ನುವುದನ್ನು ಎಲ್ಲಿ ಬಿಟ್ಟಳೋ. ನನ್ನ ಜೊತೆ ಮಾತ್ರ ಊರಿನ ಮಾತು ಆಡುತ್ತಾಳೆ, ಪೆಟ್ಟಿಗೆಯಿಂದ ತೆಗೆದ ಹಳೆಯ ಸೀರೆಯಂತೆ ಅದು ಮಡಿಕೆ ಮಡಿಕೆಯಾಗಿರುತ್ತದೆ. ಅವರಿಬ್ಬರೂ ಅಡುಗೆಮನೆಯಲ್ಲಿ ನಿಂತು ಆಫೀಸಿನ ಸುದ್ದಿ ಹೇಳಿಕೊಂಡು ನಗುತ್ತಾರೆ. ನಾನು ಹಾಲ್‌ನಲ್ಲಿ ಕೂತು ಟಿವಿಯಲ್ಲಿ ಅರ್ಥವಾಗದ ಧಾರಾವಾಹಿ ನೋಡುತ್ತೇನೆ.

ಮಳೆಗಾಲದಲ್ಲಿ ಮಂಜುಳಾ ಬಸುರಿ ಎಂದು ಗೊತ್ತಾಯಿತು. ಬಹಳ ವರ್ಷ ಕಾದ ಬಸಿರು. ಇನ್ನು ನನ್ನ ಕಾಲ ಬಂತು ಎಂದುಕೊಂಡೆ. ಬಸುರಿಗೆ ತಾಯಿಯ ಕೈಯಡುಗೆಯೇ ಬೇಕಾಗುತ್ತದೆ, ಜಗತ್ತಿಗೆಲ್ಲ ಗೊತ್ತಿರುವ ಮಾತು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಚಟ್ನಿಪುಡಿಯ ಹಾಗೆ ಕುಟ್ಟಿದ ಶೇಂಗಾ ಹಿಂಡಿ, ಮೊಸರು. ಏನು ಮಾಡಿಕೊಟ್ಟರೂ ವಾಂತಿ. ವನಜಕ್ಕನ ಗಂಜಿಯೂ ನಿಲ್ಲಲಿಲ್ಲ, ಅಷ್ಟು ಸಮಾಧಾನ. ಅನಾನಸ್ ತಿನ್ನಿಸಬಾರದು ಎನ್ನುವ ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ಪಕ್ಷ. ಮಗಳು ದಿನದಿನಕ್ಕೆ ಕಡ್ಡಿಯಾದಳು. ಡಾಕ್ಟರರು ಹೀಗಾದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು.

ಒಂದು ಸಂಜೆ ಅವಳು ಆಫೀಸಿನಿಂದ ಬಂದು ನೆಟ್ಟಗೆ ಅಡುಗೆಮನೆಗೆ ಹೋದಳು. ದ್ರಾಕ್ಷಿಯ ಕಾಲವಲ್ಲ, ವನಜಕ್ಕ ಒಣದ್ರಾಕ್ಷಿ ನೆನೆಸಿ ಮೆಣಸ್ಕಾಯಿ ಮಾಡಿದ್ದಳು. ಮಗಳು ನನ್ನ ಕಟಕ ರೊಟ್ಟಿಯ ಡಬ್ಬಿ ತೆಗೆದು, ಒಣಗಿ ಹಪ್ಪಳವಾಗಿದ್ದ ರೊಟ್ಟಿಯನ್ನು ಮುರಿದು ಬಟ್ಟಲಿಗೆ ಹಾಕಿ, ಮೇಲೆ ಆ ಗೊಜ್ಜು ಸುರಿದು, ಕೆನೆಮೊಸರು ಹಾಕಿ, ನೆನೆಯಲು ಬಿಟ್ಟು ನಿಂತಳು. ಎಮ್ಮೆಗೆ ಕಲಸಿಟ್ಟ ಹಾಗೆ ಇತ್ತು. ಆಮೇಲೆ ನಿಂತೇ ತಿಂದಳು. ಬಟ್ಟಲು ಬರಿದಾಯಿತು. ನಾವಿಬ್ಬರು ಮುದುಕಿಯರು ಬಚ್ಚಲ ಬಾಗಿಲನ್ನೇ ನೋಡುತ್ತಾ ಕಾದೆವು. ಅವಳು ಅತ್ತ ಹೋಗಲೇ ಇಲ್ಲ. ಸೋಫಾದ ಮೇಲೆ ಮಲಗಿ ನಿದ್ದೆ ಹೋದಳು.

"ನೋಡಿ ಗೌರವ್ವನವರೇ," ವನಜಕ್ಕ ಮೆಲ್ಲಗೆ ಹೇಳಿದಳು, "ನನ್ನ ಗೊಜ್ಜು ಒಳಗೆ ನಿಂತಿತು."

"ರೊಟ್ಟಿ ನಿಂತಿತು."

"ಬರೀ ರೊಟ್ಟಿ ನಿನ್ನೆ ಕೊಟ್ರಿ. ಹೊರಗೆ ಬಂತಲ್ಲ?"

"ನಿಮ್ಮ ಗೊಜ್ಜ ಮೊನ್ನಿ ಬಂತು."

ಪಾತ್ರೆಯಲ್ಲಿ ಉಳಿದದ್ದನ್ನು ನಾನೂ ಹಾಗೇ ರೊಟ್ಟಿ ಮುರಿದು ಹಾಕಿ ತಿಂದು ನೋಡಿದೆ, ಅವಳ ಎದುರಿಗೇ. ಕದ್ದು ತಿನ್ನುವ ಬುದ್ಧಿ ನನಗಿಲ್ಲ. ಜೋಳಕ್ಕೆ ತನ್ನದೇ ಒಂದು ಸಿಹಿ ಇರುತ್ತದೆ, ಬೆಂಕಿಯ ವಾಸನೆ ಇರುತ್ತದೆ. ಅದರೊಳಗೆ ಎಳ್ಳು, ಬೆಲ್ಲ, ಹುಣಸೆ, ಬ್ಯಾಡಗಿಯ ಖಾರ ಇಳಿದು, ನಡುನಡುವೆ ಉಬ್ಬಿದ ಒಣದ್ರಾಕ್ಷಿ ಹಲ್ಲಿಗೆ ಸಿಕ್ಕಿ ಒಡೆಯುತ್ತದೆ. ರೊಟ್ಟಿ ಅರ್ಧ ಮೆತ್ತಗೆ, ಅರ್ಧ ಗಟ್ಟಿ. ರುಚಿ ಚಲೋ ಇತ್ತು. ನನ್ನ ಸಿಟ್ಟೇ ಅದು. ಕೆಟ್ಟದಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು.

ಆಮೇಲೆ ದಿನಾ ಅದೇ. ಪರೇಲ್‌ನಿಂದ ಫೋನು ಬರುತ್ತಿತ್ತು, ಅತ್ತೆಗೆ. "ಅತ್ತೆ, ಅದು ಮಾಡಿದ್ದೀರಾ?" ರೊಟ್ಟಿ ಇದೆಯೇ ಎಂದು ನನಗೆ ಫೋನು ಬರಲಿಲ್ಲ. ರೊಟ್ಟಿ ಇದ್ದೇ ಇರುತ್ತದಲ್ಲ, ಗೋಡೆ ಇರುವ ಹಾಗೆ. ಮಗಳು ಮೈ ಕೈ ತುಂಬಿಕೊಂಡಳು. ಡಾಕ್ಟರರು ಏನು ತಿನ್ನುತ್ತೀ ಎಂದು ಕೇಳಿದಾಗ "ನಮ್ಮ ಅತ್ತೆ ಒಂದು ಗೊಜ್ಜು ಮಾಡ್ತಾರೆ" ಎಂದಳಂತೆ. ವನಜಕ್ಕ ಅದನ್ನು ನನಗೆ ಎರಡು ಸಲ ಹೇಳಿದಳು.

ಕುಬುಸದ ಮಾತು ಬಂದದ್ದು ನವರಾತ್ರಿಯ ಹೊತ್ತಿಗೆ. ನಮ್ಮಲ್ಲಿ ಬಸುರಿಗೆ ಕುಬುಸ ಮಾಡುವಾಗ ತವರಿನವರು ಬಯಕೆಯ ಬುತ್ತಿ ಹೊತ್ತು ತರಬೇಕು. ಬಗೆಬಗೆಯ ರೊಟ್ಟಿ, ಎಣ್ಣೆಗಾಯಿ, ಹಿಂಡಿಗಳು, ಶೇಂಗಾ ಹೋಳಿಗೆ, ಮಾದಲಿ, ಎಲ್ಲ ಬುಟ್ಟಿಯಲ್ಲಿ ಕಟ್ಟಿ, ಹೊಸ ಬಟ್ಟೆ ಮುಚ್ಚಿ, ಗಂಡನ ಮನೆಯ ಹೊಸ್ತಿಲ ಹೊರಗೆ ನಿಲ್ಲಬೇಕು. ಒಳಗಿನವರು ಕಾಲಿಗೆ ನೀರು ಕೊಟ್ಟು ಕರೆಯಬೇಕು. ಆ ಒಂದು ದಿನ ತಾಯಿಯಾದವಳು ಬೀಗರ ಮುಂದೆ ಎತ್ತರ. ನನ್ನ ತಾಯಿ ಎತ್ತಿನ ಗಾಡಿಯಲ್ಲಿ ತಂದಿದ್ದಳು.

ಸಂಜೆ ಚಹಾ ಕುಡಿಯುತ್ತಾ ಹೇಳಿದೆ. ವನಜಕ್ಕ ಸಂತೋಷಪಟ್ಟಳು. ಆಮೇಲೆ ಯೋಚನೆ ಮಾಡಿ ಕೇಳಿದಳು:

"ಅಲ್ಲ, ತವರಿನಿಂದ ತರುದು ಹೇಳಿದ್ರಿ. ಎಲ್ಲಿಂದ ತರುದು? ನೀವು ಇರುದು ಇಲ್ಲಿಯೇ ಅಲ್ವಾ?"

ಅವಳು ಚುಚ್ಚಲು ಕೇಳಿದ್ದಲ್ಲ. ಅದು ನನಗೆ ಗೊತ್ತು. ಚುಚ್ಚಿದ್ದರೆ ತಿರುಗಿ ಅನ್ನಬಹುದಿತ್ತು. ಕೀಲಿ ಕೊಟ್ಟು ಬಂದ ದಿನ ನನ್ನ ಮನೆ ಹೋಯಿತು ಎಂದಷ್ಟೇ ತಿಳಿದಿದ್ದೆ. ಮಗಳ ತವರೂ ಹೋಯಿತು ಎಂದು ಆ ಚಹಾ ಕುಡಿಯುವವರೆಗೆ ತಲೆಗೆ ಹೊಳೆದಿರಲಿಲ್ಲ.

"ಒಂದು ಕೆಲಸ ಮಾಡುವ," ಎಂದಳು ವನಜಕ್ಕ. "ಇಲ್ಲಿಯೇ ಅಡುಗೆ ಮಾಡಿ. ಬುಟ್ಟಿ ತಕ್ಕೊಂಡು ಲಿಫ್ಟಲ್ಲಿ ಕೆಳಗೆ ಹೋಗಿ, ಪುನಃ ಮೇಲೆ ಬಂದು ಬೆಲ್ ಮಾಡಿ. ನಾನು ಬಾಗಿಲು ತೆಗೀತೇನೆ."

"ನಾ ನಾಟಕದಾಗ ಪಾರ್ಟ ಮಾಡಾಕ ಬಂದಿಲ್ರೀ. ಬುತ್ತಿ ಬ್ಯಾರೆ ಒಲಿ ಮ್ಯಾಗಿಂದ ಬರಬೇಕು."

"ಬೇರೆ ಒಲೆ ಎಲ್ಲುಂಟು ನಿಮ್ಗೆ?"

"ಹುಡಕ್ತೀನಿ."

ಮಂಜುಳಾ ಬೇಡ ಎಂದಳು. "ಯವ್ವಾ, ಯಾಕ ಇಷ್ಟ ಒದ್ದಾಡ್ತಿ? ಸ್ವೀಟ್ ಅಂಗಡಿಯಾಗ ಆರ್ಡರ್ ಕೊಟ್ರ ಆತು." ಅವಳಿಗೆ ಬೇಕಾಗಿರಲಿಲ್ಲ, ಬೇಕಾಗಿದ್ದುದು ನನಗೆ.

ಜೋಳ ಬೀಸುವ ಗಿರಣಿಯಲ್ಲಿ ನನಗೆ ಶಾಂತವ್ವನ ಪರಿಚಯವಾಗಿತ್ತು. ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಧಾರಾವಿಯಲ್ಲಿ ಗಂಡ ಚರ್ಮದ ಚೀಲ ಹೊಲಿಯುತ್ತಾನೆ, ಇವಳು ಮನೆಯಲ್ಲಿ ರೊಟ್ಟಿ ಬಡಿದು ಕೊಡುತ್ತಾಳೆ. ಗಿರಣಿಯ ಸದ್ದಿನಲ್ಲಿ "ಹಿಟ್ಟ ಸಣ್ಣಗ ಬೀಸೋ ಯಪ್ಪಾ" ಎಂದು ಅವಳು ಕೂಗಿದ್ದು ಕೇಳಿ ನಾನು ಹೋಗಿ ಕೈ ಹಿಡಿದಿದ್ದೆ. ಬಂದಾಗಿನಿಂದ ಯಾರೂ ಆ ಧಾಟಿಯಲ್ಲಿ ಕೂಗಿದ್ದು ಕೇಳಿರಲಿಲ್ಲ. ಅವಳಿಗೆ ನನ್ನ ಪಾಡು ಹೇಳಿದೆ.

"ಅಯ್ಯ, ನನ್ನ ಒಲಿ ಐತಲ್ಲಕ್ಕ," ಎಂದಳು. "ನಮ್ಮ ಮನಿನ ತವರಮನಿ ಅನ್ಕೋ. ಮ್ಯಾಲ ಒಂದ ಮಾಳಿಗಿ, ನಿಚ್ಚಣಿಕಿ ಹತ್ತಬೇಕು, ನಿನ್ನ ಮೊಣಕಾಲ ಹತ್ತತಾವೇನ ನೋಡ."

ಹತ್ತಿದವು. ಹಿಂದಿನ ದಿನವೇ ಹೋಗಿ ಅಲ್ಲೇ ಉಳಿದೆ. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಮನೆ. ಕೆಳಗೆ ಹೊಲಿಗೆ ಯಂತ್ರ ತಿರುಗುತ್ತಿದ್ದರೆ ನೆಲ ನಡುಗುತ್ತಿತ್ತು. ಆದರೆ ಅಲ್ಲಿ ನೆಲದ ಮೇಲೆ ಕೂತು ಬಡಿಯಬಹುದು, ಯಾರೂ ಬಂದು ಏನು ಒಡೆಯುತ್ತೀ ಎಂದು ಕೇಳುವುದಿಲ್ಲ. ಮುಂಬೈಗೆ ಬಂದ ಮೇಲೆ ಅಷ್ಟು ಸುಖವಾಗಿ ನಾನು ರೊಟ್ಟಿ ಬಡಿದದ್ದು ಅಲ್ಲಿ ಮಾತ್ರ. ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚಿದೆ. ಎಣ್ಣೆಗಾಯಿಯ ಬದನೆಯನ್ನು ಒಂದೊಂದಾಗಿ ಆರಿಸಿದೆ. ಶೇಂಗಾ ಹೋಳಿಗೆ ಕೈಯಲ್ಲಿ ಹಿಡಿದರೆ ಮುರಿಯಬಾರದು, ಬಾಯಲ್ಲಿ ಇಟ್ಟರೆ ಉಳಿಯಬಾರದು, ಹಾಗೆ ಮಾಡಿದೆ.

ಮರುದಿನ ಬೆಳಿಗ್ಗೆ ನಾನೂ ಶಾಂತವ್ವನೂ ಬುಟ್ಟಿ ಹೊತ್ತು ಟ್ಯಾಕ್ಸಿಯಲ್ಲಿ ಸಯನ್‌ಗೆ ಬಂದೆವು. ನಾನೇ ದಿನಾ ಕಸ ಗುಡಿಸುವ ಬಾಗಿಲಿನ ಹೊರಗೆ ನಿಂತು ಬೆಲ್ ಒತ್ತಿದೆ. ವನಜಕ್ಕ ರೇಷ್ಮೆ ಸೀರೆ ಉಟ್ಟು ತಂಬಿಗೆ ಹಿಡಿದು ಬಂದಳು. ಕಾಲಿಗೆ ನೀರು ಹಾಕಿದಳು. "ಬನ್ನಿ, ಒಳಗೆ ಬನ್ನಿ. ದಾರಿ ಹೇಗಾಯ್ತು?" ಎಂದು ದೂರದೂರಿನವರನ್ನು ಕೇಳುವಂತೆ ಕೇಳಿದಳು. ನಗಲಿಲ್ಲ. ನಾನೂ "ಆರಾಮ ಆತ್ರಿ" ಎಂದೆ.

ಹಾಲ್‌ನಲ್ಲಿ ಬಿಲ್ಡಿಂಗಿನ ಹೆಂಗಸರೆಲ್ಲ ಸೇರಿದ್ದರು. ಮಂಜುಳಾ ಹಸಿರು ಸೀರೆಯಲ್ಲಿ ಕೂತಿದ್ದಳು. ಉಡಿ ತುಂಬಿದೆ. ಬುತ್ತಿಯ ಬಟ್ಟೆ ಸರಿಸಿ ಎಲ್ಲವನ್ನೂ ಅವಳ ಎದುರು ಜೋಡಿಸಿದೆ. ಬಾಳೆಲೆಯ ಮೇಲೆ ಜಾಗ ಸಾಲಲಿಲ್ಲ. ಎಲ್ಲರೂ ನೋಡುತ್ತಿದ್ದರು. ಆ ಕ್ಷಣಕ್ಕೆ ನಾನು ಎತ್ತರವಿದ್ದೆ.

ಮಗಳು ರೊಟ್ಟಿ ಮುರಿದು ಕೈಯಲ್ಲಿ ಹಿಡಿದು, ಎಲೆಯ ತುಂಬ ಕಣ್ಣಾಡಿಸಿ, ತಲೆ ಎತ್ತಿ ಕೇಳಿದಳು:

"ಅತ್ತೆ, ಗೊಜ್ಜು ಇಲ್ವಾ?"

ವನಜಕ್ಕ ನನ್ನ ಮುಖ ನೋಡಿದಳು. "ಇವತ್ತು ಬೇಡ ಮಗಾ. ಅಮ್ಮ ತಂದದ್ದು ತಿನ್ನು," ಎಂದಳು.

"ಸ್ವಲ್ಪ ಸಾಕು, ಅತ್ತೆ."

ಬಸುರಿ ಬಾಯಿಬಿಟ್ಟು ಕೇಳಿದ್ದನ್ನು, ಅದೂ ಬಯಕೆಯ ದಿನ, ಇಲ್ಲ ಎನ್ನುವ ಹಾಗಿಲ್ಲ. ಇದು ನಮ್ಮಲ್ಲೂ ಹಾಗೇ, ಅವರಲ್ಲೂ ಹಾಗೇ. "ತರ್ರಿ," ಎಂದೆ. ಅವಳು ಒಳಗಿನಿಂದ ತಂದು ಬಡಿಸಿದಳು. ಒಬ್ಬರಿಗೆ ಬಡಿಸಿದ್ದು ಎಲ್ಲರಿಗೂ ಬೇಕಾಯಿತು. ಎದುರು ಮನೆಯವರು, ಕೆಳಗಿನ ಮನೆಯವರು, ಎಲ್ಲ ಕಟಕ ರೊಟ್ಟಿ ಮುರಿದು ಗೊಜ್ಜು ಹಾಕಿಸಿಕೊಂಡರು. "ವನಜಾ ಆಂಟಿ ಕೀ ಭಾಕರಿ-ಅಂಗೂರ್", ವನಜಾ ಆಂಟಿಯ ರೊಟ್ಟಿ-ದ್ರಾಕ್ಷಿ, ಎಂದು ಅಲ್ಲೇ ಅದಕ್ಕೆ ಹೆಸರೂ ಇಟ್ಟರು. ಎಣ್ಣೆಗಾಯಿ ತಣ್ಣಗಾಗಿ ಎಣ್ಣೆ ಬಿಟ್ಟುಕೊಂಡು ಕೂತಿತ್ತು. ತಿರುಗಿ ನೋಡಿದರೆ ಶಾಂತವ್ವ ಎರಡನೆಯ ಸಲ ಬಟ್ಟಲು ಒಡ್ಡುತ್ತಿದ್ದಳು.

"ಶಾಂತವ್ವ, ನೀನೂ ಏನ?"

"ಚಲೋ ಐತೆಕ್ಕ. ಏನ ಮಾಡ್ಲಿ?"

ಕುಬುಸ ಮುಗಿದ ಮೇಲೆ ತವರಿನವರು ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಹೊರಡುವ ಮಾತು ಆಡಬೇಕು. ಅದನ್ನು ಯಾರೂ ಆಡಲಿಲ್ಲ. ಶಾಂತವ್ವ ಖಾಲಿ ಬುಟ್ಟಿ ಎತ್ತಿಕೊಂಡು ಧಾರಾವಿಗೆ ಹೋದಳು. ಬುತ್ತಿ ತಂದವಳು ನಾನು, ನಾನು ಹೋಗಲಿಲ್ಲ. ಹೊರಗೆ ಬಿಟ್ಟಿದ್ದ ಚಪ್ಪಲಿ ತಂದು ಒಳಗೆ ಸ್ಟ್ಯಾಂಡಿನಲ್ಲಿಟ್ಟು ಪಾತ್ರೆ ತಿಕ್ಕಲು ಕೂತೆ.

ಸಂಕ್ರಾಂತಿಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೋಡುತ್ತೇನೆ, ಅಡುಗೆಮನೆಯಲ್ಲಿ ವನಜಕ್ಕನ ಉಪ್ಪಿನಕಾಯಿಯ ಭರಣಿಗಳು, ತೆಂಗಿನೆಣ್ಣೆಯ ಡಬ್ಬಿ ಯಾವುದೂ ಇಲ್ಲ. ಎಲ್ಲವನ್ನೂ ಹಾಲ್‌ನ ಕಪಾಟಿಗೆ ಸಾಗಿಸಿದ್ದಳು. ಓಟಾ ತೊಳೆದು ಬರಿದು ಮಾಡಿದ್ದಳು. ಮೂಲೆಯಲ್ಲಿ ನನ್ನ ಕೊಣಮಿಗೆ ನೆಲದ ಮೇಲೆ, ಕೆಳಗೆ ಸದ್ದಾಗದಂತೆ ಮಡಚಿದ ಗೋಣಿತಾಟು.

ಅವಳು ಹೊಸ್ತಿಲ ಹೊರಗೆ ನಿಂತು ಹೇಳಿದಳು: "ಬಾಣಂತನ ತವರಿನದ್ದು ಅಲ್ವಾ. ಅದು ಮುಗಿಯುವವರೆಗೆ ಇದು ನಿಮ್ಮ ಮನೆ. ಕೇಳದೆ ನಾನು ಒಳಗೆ ಬರುದಿಲ್ಲ."

ಬರಲೂ ಇಲ್ಲ. ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು "ಗೌರವ್ವನವರೇ, ಚಾ ಸಿಗ್ತದಾ?" ಎಂದು ಕೇಳುತ್ತಿದ್ದಳು. ನಾನು ಬಾಣಂತಿಗೆ ಮಾಡಿದ ಅಳವಿ ಬೀಜದ ಪಾಯಸ, ಬೆಳ್ಳುಳ್ಳಿಯ ಹಿಂಡಿ, ತುಪ್ಪ ಸುರಿದ ರೊಟ್ಟಿಯನ್ನು ಅವಳೂ ಉಂಡಳು. ತನ್ನ ಸ್ವಂತ ಮನೆಯಲ್ಲಿ ಒಂದು ಮೆಣಸಿನಕಾಯಿ ತಾನೇ ತೆಗೆದುಕೊಳ್ಳದೆ ಇದ್ದಳು. ಓದುವವರಿಗೆ ಇಲ್ಲಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಸಂತೋಷವಾದೀತು. ಕರಗಲಿಲ್ಲ. ನನಗೆ ಇನ್ನೂ ಹೊಟ್ಟೆ ಉರಿಯಿತು. ಮಗಳ ಕಣ್ಣಲ್ಲಿ ಈಗಲೂ ದೊಡ್ಡವಳಾದದ್ದು ಅವಳೇ. ಕೊಟ್ಟವಳು ಅವಳು, ಇಸಿದುಕೊಂಡವಳು ನಾನು. ಕೊಡಲು ನನ್ನ ಹತ್ತಿರ ಏನಿದೆ, ಅವಳ ಹತ್ತಿರ ಅಡುಗೆಮನೆ ಇದೆ.

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ವನಜಕ್ಕ ಊರಿಗೆ ಹೊರಟಳು, ತಮ್ಮನ ಮಗಳ ಮದುವೆಗೆ. "ತವರಿನಲ್ಲಿ ಒಂದು ತಿಂಗಳು ಇದ್ದು ಬರ್ತೇನೆ," ಎಂದಳು. ಹೇಳುವಾಗ ಅವಳ ಮುಖದಲ್ಲಿ ಹುಡುಗಿಯ ಕಳೆ ಬಂದಿತ್ತು. ಅವಳ ಚೀಲ ಕಟ್ಟುವುದನ್ನು ನಾನು ನೆಲದ ಮೇಲೆ ಕೂತು ನೋಡಿದೆ. ಅವಳಿಗೆ ಹೋಗಲು ಒಂದು ಊರಿದೆ ಎಂದು ಅದುವರೆಗೆ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೊಟ್ಟೆಯುರಿಗೆ ಇನ್ನೊಂದು ಸೌದೆ ಸಿಕ್ಕಿತು.

ಅವಳು ಹೋದ ಮೇಲೆ ಇಡೀ ಮನೆ ನನ್ನದು. ಸೋಫಾದ ಮೇಲೆ ಮಲಗಿ ನೋಡಿದೆ. ನಿಜವಾಗಿಯೂ ನಿದ್ದೆ ಬರುವುದಿಲ್ಲ.

ಒಂದು ರವಿವಾರ ಮಂಜುಳಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಯವ್ವಾ, ಇನ್ನ ಪಥ್ಯ ಸಾಕು. ಆ ಗೊಜ್ಜ ಮಾಡಿಕೊಡ," ಎಂದಳು. ಪೇಟೆಯಲ್ಲಿ ಕೊನೆಯ ದ್ರಾಕ್ಷಿ ಇನ್ನೂ ಸಿಗುತ್ತಿತ್ತು. ಅವಳು ಮಾಡುವುದನ್ನು ವರ್ಷವಿಡೀ ನೋಡಿದ್ದೇನೆ, ಏನು ಮಹಾ ಎಂದು ಒಲೆ ಹಚ್ಚಿದೆ. ಎಳ್ಳು, ಉದ್ದಿನಬೇಳೆ, ಮೆಣಸಿನಕಾಯಿ ಹುರಿದೆ, ಕೊಬ್ಬರಿ ಹಾಕಿ ರುಬ್ಬಿದೆ. ದ್ರಾಕ್ಷಿ ಬೆಲ್ಲ ಹುಣಸೆಯಲ್ಲಿ ಬೆಂದಿತು. ಕೊನೆಗೆ ರಸ ತೆಳ್ಳಗಿದೆ ಎನಿಸಿ, ಯೋಚಿಸದೆಯೇ, ಕೈ ತನ್ನಷ್ಟಕ್ಕೆ ಡಬ್ಬಿಗೆ ಹೋಗಿ ಹುರಿದ ಶೇಂಗಾದ ಪುಡಿ ಹಿಡಿದು ತಂದು ಹಾಕಿಬಿಟ್ಟಿತು. ಖಾನಾವಳಿಯಲ್ಲಿ ಯಾವ ಪಲ್ಯ ತೆಳ್ಳಗಾದರೂ ನಾನು ಮಾಡುತ್ತಿದ್ದುದು ಅದೇ. ಹಾಕಿದ ಮೇಲೆ ನೆನಪಾಯಿತು, ವನಜಕ್ಕ ಇದಕ್ಕೆ ಶೇಂಗಾ ಮುಟ್ಟಿಸುವುದಿಲ್ಲ.

ಮಗಳು ರೊಟ್ಟಿ ಮುರಿದು ಹಾಕಿಕೊಂಡು ಒಂದು ತುತ್ತು ತಿಂದಳು.

"ಅತ್ತೆ ಮಾಡಿದಂಗ ಆಗಿಲ್ಲ," ಎಂದಳು.

ಆದರೂ ಅವಳು ತಿನ್ನುತ್ತಲೇ ಇದ್ದಳು. ಬಟ್ಟಲು ಬರಿದಾಗಿ ಮತ್ತೆ ಒಡ್ಡಿದಳು. ಆಮೇಲೆ ಮೂರನೆಯ ಸಲ. ಹಾಗಿಲ್ಲ ಎಂದಿದ್ದಳು, ಚಲೋ ಇಲ್ಲ ಎಂದಿರಲಿಲ್ಲ.

ಸಂಜೆ ವನಜಕ್ಕನಿಗೆ ನಾನೇ ಫೋನು ಮಾಡಿದೆ. ಹೇಳದೆ ಇರಲು ಆಗಲಿಲ್ಲ.

"ಹೇಗುಂಟು ಮಗು?" ಎಂದಳು. ದನಿ ಸಣ್ಣಗಿತ್ತು. ಮದುವೆ ಹೇಗಾಯಿತು ಎಂದು ಕೇಳಿದೆ. "ಆಯ್ತು, ಗಡದ್ದಾಯ್ತು," ಎಂದಳು. ಆಮೇಲೆ, "ಇಲ್ಲಿ ನನ್ನನ್ನು ಅಡುಗೆ ಕೋಣೆಗೇ ಬಿಡುದಿಲ್ಲ ಮಾರಾಯ್ರೆ. ನೀವು ಬಾಂಬೆಯವರು, ಕೂತ್ಕೊಳ್ಳಿ ಹೇಳ್ತಾರೆ. ತಮ್ಮನ ಸೊಸೆ ಕಪ್ಪು-ಸಾಸರಿನಲ್ಲಿ ಚಾ ತಂದು ಕೊಡ್ತಾಳೆ, ನೆಂಟರಿಗೆ ಕೊಟ್ಟ ಹಾಗೆ. ಮೊನ್ನೆ ಒಂದು ಜೋಳದ ರೊಟ್ಟಿ ತಿನ್ಬೇಕು ಅನ್ನಿಸ್ತು,‌ ಅದೆಂತದು ಕೇಳಿದ್ರು," ಎಂದಳು.

ನನಗೆ ಸಂತೋಷವಾಯಿತು. ಕನಿಕರವಲ್ಲ, ಸಂತೋಷವೇ.

"ನಾ ಇವತ್ತ ಮೆಣಸ್ಕಾಯಿ ಮಾಡಿದ್ದೆ," ಎಂದೆ.

"ಹೌದಾ? ಹೇಗೆ ಬಂತು?"

"ಶೇಂಗಾ ಪುಡಿ ಬಿತ್ತು."

ಫೋನು ಕಟ್ಟಾಯಿತೋ ಎಂದು ನೋಡಿದೆ.

"ಮೆಣಸ್ಕಾಯಿಗೆ ಶೇಂಗಾವಾ?" ಎಂದಳು. "ತಿಂದಳಾ ಅವಳು?"

"ಮೂರ ಸಲ ಹಾಕಿಸಿಕೊಂಡ್ಲು."

"ನಾನು ಮಾಡಿದ್ದು ಎರಡೇ ಸಲ ಹಾಕಿಸಿಕೊಳ್ಳುದು," ಎಂದು ವನಜಕ್ಕ ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಒಂದು ವರ್ಷದಿಂದ ಅದು ನನ್ನ ದನಿ. ಆಮೇಲೆ ಕೇಳಿದಳು: "ಎಷ್ಟು ಹಾಕಿದ್ರಿ? ಹುರಿದು ಹಾಕುದಾ, ಹಾಗೇ ಹಾಕುದಾ?"

"ಕೈಯಳತಿ. ಫೋನಿನ್ಯಾಗ ಹೇಳಾಕ ಬರೂದಿಲ್ಲ."

"ಅಂದಾಜು ಹೇಳಿ ಮಾರಾಯ್ರೆ."

"ಬರ್ರಿ, ತೋರಸ್ತೀನಿ. ತಿಂಗಳ ತನಕ ಅಲ್ಲಿ ಕುಂತ ಏನ ಮಾಡ್ತೀರಿ?"

"ಅಡುಗೆಮನೆ ಈಗ ಯಾರದ್ದು?" ಎಂದು ಕೇಳಿದಳು. ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

ನಾನು ಯೋಚನೆ ಮಾಡಿದೆ. "ನೀವು ಬಂದ ಮ್ಯಾಲ ಜಗಳಾಡೂಣು," ಎಂದೆ.

ಮೂರು ದಿನ ಬಿಟ್ಟು ಬಸ್ಸಿಗೆ ಹೊರಡುತ್ತೇನೆ ಎಂದು ಅಳಿಯನಿಗೆ ಫೋನು ಮಾಡಿದ್ದಾಳೆ. ನಾಳೆ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬರಬೇಕು. ಶೇಂಗಾದ ಪುಡಿಯನ್ನು ಮಾತ್ರ ಅವಳ ಎದುರಿಗೆ ಅಳೆದು ಹಾಕುವವಳಲ್ಲ ನಾನು.